ತೋಳನ ಬೇಟೆಗೆ ಕೋವಿ–ಗುಂಡುಗಳ ವಿವೇಚನೆ: ಸುರಪುರ ಸೀಮೆಯನ್ನು ಕುರಿತು

ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕಳೆದ ಮಾಗಿಯ ಒಂದು ಮುಂಜಾನೆ ಕುರಿಗಾಹಿಗಳಾದ ಹಿರಿಯರೊಬ್ಬರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಹಿಂದಿನ ಎರಡು ರಾತ್ರಿಗಳಲ್ಲಿ ಅವರ ಹಿಂಡಿನಿಂದ ನಾಲ್ಕು ಮರಿಗಳು ಹೋಗಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಚಾರ್ರೇ, ತ್ವಾಳಕ್ಕ ಎಂಥಾ ಬಂದೂಕ ಬೇಕ್ರಿ? ನನ್ನ ಅಳಿಯನ ಹಂತ್ಯಾಕ ಲೈಸೆನ್ಸ ಅದ. ಯಾವ ತೋಟಾ ಹಾಕಬೇಕಂತ ನಿಮ್ಮ ಪುಸ್ತಕದಾಗ ಏನರ ಬರದಾರೇನ್ರಿ?” ಎಂದು ಕೇಳಿದರು. ಬಾಲ್ಯದಿಂದ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ ಬೆಳೆದವನಿಗೆ ಈ ಪ್ರಶ್ನೆಯು ವಿಚಿತ್ರವಾಗಿ ತೋರಿದುದು ಸಹಜವೇ. ಆದರೆ ಕೇಳಿದವರ ಮುಖವನ್ನು ನೋಡಿದ ಮೇಲೆ ಅದನ್ನು ನಕ್ಕು ಕಳೆಯಲು ಮನಸ್ಸು ಬರಲಿಲ್ಲ. ಆ ಪ್ರಶ್ನೆಗೆ ಶಾಸ್ತ್ರ, ಇತಿಹಾಸ, ಯಂತ್ರವಿದ್ಯೆ ಮತ್ತು ಇಂದಿನ ಶಾಸನ ಇವು ನಾಲ್ಕೂ ಏನು ಹೇಳುತ್ತವೆಂಬುದನ್ನು ಕೂಡಿಸಿ ನೋಡಿದುದರ ಫಲವೇ ಈ ಲೇಖನ.

ಕೋವಿಯನ್ನು ಆರಿಸುವವನು ಮೊದಲು ಮೃಗವನ್ನು ಅರಿತಿರಬೇಕೆಂಬುದು ಈ ವಿವೇಚನೆಯ ಸಾರ. ಮೃಗವನ್ನು ಚೆನ್ನಾಗಿ ಅರಿತ ಬಳಿಕ ಕೋವಿಯ ವಿಚಾರವು ಎಲ್ಲಿಗೆ ಹೋಗಿ ನಿಲ್ಲುವುದೆಂಬುದನ್ನು ವಾಚಕರು ಮುಂದೆ ಕಾಣುವರು.

1. ಹೆಸರುಗಳ ವಿಚಾರ

ಕನ್ನಡದ ತೋಳ ಎಂಬುದು ಅಚ್ಚ ದ್ರಾವಿಡ ಶಬ್ದ. ತುಳುವಿನ ‘ತೋಳೆ’, ತೆಲುಗಿನ ‘ತೋಡೇಲು’ ಇದರ ಒಡಹುಟ್ಟಿದ ರೂಪಗಳು. ಸಂಸ್ಕೃತದಲ್ಲಿ ಅಮರಸಿಂಹನು ಈ ಪ್ರಾಣಿಗೆ ಕೋಕ, ಈಹಾಮೃಗ, ವೃಕ ಎಂಬ ಮೂರು ಹೆಸರುಗಳನ್ನು ಕೊಟ್ಟಿದ್ದಾನೆ. ಇವುಗಳಲ್ಲಿ ವೃಕ ಶಬ್ದವು ಋಗ್ವೇದದಷ್ಟು ಪುರಾತನವಾದುದು. ಯಾಸ್ಕನು ನಿರುಕ್ತದಲ್ಲಿ ಅದಕ್ಕೆ ‘ವಿಕರ್ತನ’, ಎಂದರೆ ಕಡಿದು ಹರಿಯುವುದು, ಎಂಬ ಅರ್ಥವನ್ನು ಕಲ್ಪಿಸುತ್ತಾನೆ. ಈಹಾಮೃಗವೆಂಬುದರಲ್ಲಿ ‘ಈಹಾ’ ಎಂದರೆ ಬಯಕೆ ಅಥವಾ ಯತ್ನ. ಬಯಸಿದುದನ್ನು ಬಿಡದೆ ಬೆನ್ನಟ್ಟುವ ಮೃಗವೆಂಬ ಭಾವವು ಇಲ್ಲಿ ಹೊಂದುತ್ತದೆ. ನಮ್ಮೂರು ಭೀಮರಾಯನ ಹೆಸರನ್ನು ಹೊತ್ತಿದೆ. ಮಹಾಭಾರತದ ಭೀಮಸೇನನೋ ವೃಕೋದರನು. ಅವನ ಉದರದಲ್ಲಿ ವೃಕವೆಂಬ ಅಗ್ನಿಯಿತ್ತೆಂದು ಪೌರಾಣಿಕರೂ, ಅವನ ಹಸಿವು ತೋಳನ ಹಸಿವಿನಂತಹುದೆಂದು ಇತರರೂ ಹೇಳುವರು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಹಸಿವೆಂಬುದೇ ಈ ಪ್ರಾಣಿಯ ಮುಖ್ಯ ಲಕ್ಷಣವೆಂದು ಹಿರಿಯರು ಗ್ರಹಿಸಿದ್ದರೆನ್ನುವುದು ಸ್ಪಷ್ಟ.

ಆಯುಧದ ಹೆಸರುಗಳು ಇನ್ನೊಂದು ಕಥೆಯನ್ನು ಹೇಳುತ್ತವೆ. ಕೋವಿ ಎಂದರೆ ಮೂಲತಃ ಕೊಳವೆ. ಇದು ದೇಶ್ಯ ಶಬ್ದ. ತುಪಾಕಿ (ತುಬಾಕಿ) ಎಂಬುದು ತುರ್ಕಿ ಭಾಷೆಯಿಂದ ಪಾರಸಿಯ ಮೂಲಕ ಬಂದುದು. ಬಂದೂಕು ಎಂಬುದಕ್ಕೆ ಮೂಲವು ಅರಬ್ಬಿಯ ‘ಬುಂದುಕ್’. ಅದು ಒಂದು ಬಗೆಯ ಸಣ್ಣ ಗಟ್ಟಿಕಾಯಿಯ ಹೆಸರಾಗಿದ್ದು, ಮುಂದೆ ಕಾಯಿಯಂತಹ ಗುಂಡಿಗೂ ಆಮೇಲೆ ಗುಂಡನ್ನು ಹಾರಿಸುವ ಆಯುಧಕ್ಕೂ ಸಂದಿತು. ರೈಫಲ್ ಎಂಬುದು ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿಗೆರೆಗಳಿಂದ ಬಂದ ಹೆಸರು. ನಾವು ಅದನ್ನು ಇಲ್ಲಿ ತಿರುಪುಕೋವಿಯೆಂದು ಕರೆಯುವೆವು.

ಪ್ರಾಚೀನ ಭಾರತದಲ್ಲಿಯೇ ಕೋವಿಯಿತ್ತೆಂಬ ಮಾತನ್ನು ಆಗಾಗ ಕೇಳುತ್ತೇವೆ. ಶುಕ್ರನೀತಿಯಲ್ಲಿ ಲಘುನಾಲಿಕ, ಬೃಹನ್ನಾಲಿಕ ಎಂಬ ಎರಡು ಆಯುಧಗಳ ವರ್ಣನೆಯಿರುವುದು ನಿಜ. ಲಘುನಾಲಿಕಕ್ಕೆ ಐದು ವಿತಸ್ತಿಗಳ ಉದ್ದವನ್ನೂ, ಗುರಿ ನೋಡಲು ಬುಡ ತುದಿಗಳಲ್ಲಿ ತಿಲಬಿಂದುಗಳನ್ನೂ, ಸೀಸದ ಗುಂಡನ್ನೂ, ಅಗ್ನಿಚೂರ್ಣವನ್ನೂ ಅಲ್ಲಿ ಹೇಳಿದೆ. ಗುಸ್ತಾವ್ ಒಪ್ಪರ್ಟನು 1880ರಲ್ಲಿ ಈ ಭಾಗವನ್ನು ಆಧಾರವಾಗಿಟ್ಟುಕೊಂಡು ಕೋವಿಯು ನಮ್ಮ ದೇಶದಲ್ಲಿ ಅತಿ ಪುರಾತನವೆಂದು ವಾದಿಸಿದನು. ಆದರೆ ಗ್ರಂಥದ ಆ ಭಾಗವು ಬಹಳ ಈಚಿನದೆಂದು ವಿಮರ್ಶಕರಲ್ಲಿ ಹೆಚ್ಚಿನವರ ಮತ. ಅದು ನಮಗೂ ಸಮ್ಮತ. ಕಲ್ಯಾಣದ ಚಾಲುಕ್ಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯನ್ನೂ ನಾಯಿಗಳ ವಿನೋದವನ್ನೂ ಎಷ್ಟೋ ವಿಸ್ತಾರವಾಗಿ ಹೇಳಿದ್ದರೂ ಅಲ್ಲಿ ಬಿಲ್ಲು, ಬಲೆ, ನಾಯಿಗಳಿವೆಯೇ ಹೊರತು ಕೋವಿಯಿಲ್ಲ. ನಮ್ಮ ಸೀಮೆಯ ಸಮೀಪದಲ್ಲಿಯೇ ಹುಟ್ಟಿದ ಆ ಗ್ರಂಥದ ಮೌನವನ್ನು ನಾವು ಅಲಕ್ಷಿಸಲಾಗದು.

2. ಮೃಗದ ಲಕ್ಷಣ

ದಖ್ಖನದ ತೋಳನನ್ನು ಪಾಶ್ಚಾತ್ಯ ಪ್ರಾಣಿಶಾಸ್ತ್ರದಲ್ಲಿ ಮೊದಲು ವರ್ಣಿಸಿದವನು ಸೈಕ್ಸ್ ಎಂಬ ಸೇನಾಧಿಕಾರಿ. ಅವನು 1831ರಲ್ಲಿ ಇದಕ್ಕೆ ‘ಪಲ್ಲಿಪೆಸ್’ ಎಂದು ಹೆಸರಿಟ್ಟನು. ಅದಕ್ಕೆ ಪಾಂಡುಪಾದ, ಎಂದರೆ ಬಿಳಿಚು ಕಾಲಿನದು, ಎಂದು ಅರ್ಥ. ಹಿಮಪ್ರದೇಶಗಳ ತೋಳವು 40 ಕಿಲೋಗ್ರಾಂ ಮತ್ತು ಅದಕ್ಕೂ ಮೇಲೆ ತೂಗುವುದುಂಟು. ನಮ್ಮದು ಸಾಮಾನ್ಯವಾಗಿ 17ರಿಂದ 25 ಕಿಲೋಗ್ರಾಂ ಮಾತ್ರ. ಭುಜದ ಎತ್ತರ ಎರಡಡಿಯ ಆಸುಪಾಸು. ಮೈಗೂದಲು ತೆಳು, ಕಾಲುಗಳು ನೀಳ, ಎದೆ ಕಿರಿದು. ಅದು ಹೋರಾಟಕ್ಕಿಂತ ಓಟಕ್ಕೆ ಹೆಚ್ಚಾಗಿ ಒಗ್ಗಿದ ಮೈಕಟ್ಟು. ದಟ್ಟವಾದ ಅಡವಿಯು ಅದಕ್ಕೆ ಬೇಡ. ಕುರುಚಲು, ಹುಲ್ಲುಗಾವಲು, ಬೋಳುಗುಡ್ಡ, ಹೊಲದಂಚು ಇವೇ ಅದರ ನೆಲೆ. ಚಳಿಗಾಲದಲ್ಲಿ ಬಿಲದಲ್ಲಿ ಮರಿ ಹಾಕುತ್ತದೆ. ಆ ದಿನಗಳಲ್ಲಿ ಗಂಡೂ ಹೆಣ್ಣೂ ಎರಡೂ ಆಹಾರಕ್ಕಾಗಿ ದುಡಿಯುತ್ತವೆ. ಕುರಿಗಾಹಿಗಳಿಗೆ ಮಾಗಿಯಲ್ಲಿ ಉಪದ್ರವವು ಹೆಚ್ಚೆನಿಸಿದರೆ ಅದಕ್ಕೆ ಇದೇ ಕಾರಣವಾಗಿರಬಹುದು.

ಇದರ ನಡವಳಿಕೆಯನ್ನು ನಮ್ಮ ನಾಡಿನಲ್ಲಿಯೇ ನಿಂತು ನೋಡಿ ಬರೆದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕದನದಲ್ಲಿ ಸೆರೆಸಿಕ್ಕಿದವನೂ, ಮುಂದೆ ಕರ್ಣಾಟಕದ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನೂ ಇವನೇ ಎಂಬುದು ಇತಿಹಾಸಪ್ರಿಯರಿಗೆ ತಿಳಿದಿದೆ. 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅವನು ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದನು. ತೋಳಗಳು ಜಿಂಕೆಯ ಹಿಂಡಿನ ಸುತ್ತ ಬೇರೆ ಬೇರೆ ಕಡೆ ಅಡಗಿ ಕುಳಿತು ಮೇಯುತ್ತ ಬಂದ ಪ್ರಾಣಿಯನ್ನು ಹಿಡಿಯುವುದನ್ನೂ, ಮೂರು ತೋಳಗಳು ಹಿಂಡನ್ನು ಅಟ್ಟಿಕೊಂಡು ಬಂದಾಗ ಹಳ್ಳದಲ್ಲಿ ಇನ್ನೆರಡು ಹೊಂಚುಹಾಕಿದ್ದುದನ್ನೂ ಅವನು ಹೇಳುತ್ತಾನೆ. ಕುರಿಹಿಂಡಿನ ಮೇಲೆ ಬೀಳುವಾಗ ಕೆಲವು ತೋಳಗಳು ನಾಯಿಗಳನ್ನು ತಡೆದು ನಿಲ್ಲಿಸಿದರೆ ಉಳಿದವು ಕುರಿಯನ್ನು ಎಳೆದೊಯ್ಯುವುವೆಂದು ಕುರುಬರು ತನಗೆ ತಿಳಿಸಿದರೆಂದೂ ಬರೆದಿದ್ದಾನೆ. ಒಂಟಿಯಾಗಿ ಸುಳಿಯುವ ದೊಡ್ಡ ತೋಳಕ್ಕೆ ಕನ್ನಡಿಗರು ಪ್ರತ್ಯೇಕವಾದ ಹೆಸರನ್ನೇ ಇಟ್ಟು (ಒನ್‌ತೋಳ, ಎಂದರೆ ಒಂಟಿತೋಳ) ಅದನ್ನು ವಿಶೇಷವಾಗಿ ಕ್ರೂರವೆಂದು ಎಣಿಸುತ್ತಿದ್ದರಂತೆ. 1824ರಲ್ಲಿ ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳಿಗೆ ಬಲಿಯಾದರೆಂಬ ದಾರುಣವಾದ ಮಾತೂ ಅಲ್ಲಿದೆ. ತೋಳನ ಪಕ್ಷವನ್ನು ಹಿಡಿಯುವವರು ಇದನ್ನು ಮುಚ್ಚಿಡಬಾರದು.

ಈ ಲಕ್ಷಣಗಳಿಂದ ಬೇಟೆಗಾರನು ಮೂರು ಸಂಗತಿಗಳನ್ನು ತೆಗೆದುಕೊಳ್ಳಬೇಕಾಗಿತ್ತು. ಒಂದು, ಮೃಗವು ಹಗುರವಾದುದು. ಅದನ್ನು ಕೆಡಹಲು ಹುಲಿ ಕರಡಿಗಳಿಗೆ ಬೇಕಾಗುವ ಬಲವು ಬೇಕಿಲ್ಲ. ಎರಡು, ಅದು ಬಯಲಿನಲ್ಲಿ ದೂರದಿಂದಲೇ ಮನುಷ್ಯನನ್ನು ಕಂಡು ತೊಲಗುತ್ತದೆ. ಆದುದರಿಂದ ದೂರದ ಹೊಡೆತವು ಬೇಕು. ಮೂರು, ಗುಂಡು ತಾಗಬೇಕಾದ ಮರ್ಮಸ್ಥಾನವು ಒಂದು ಗೇಣಿಗಿಂತ ಹೆಚ್ಚಿನ ಅಗಲದ್ದಲ್ಲ. ಆದುದರಿಂದ ಗುರಿಯು ನಿಷ್ಕೃಷ್ಟವಾಗಿರಬೇಕು. ಇನ್ನು ಈ ಸೀಮೆಯಲ್ಲಿ ಬಳಕೆಗೆ ಬಂದ ಕೋವಿಗಳನ್ನು ಈ ಮೂರು ಒರೆಗಲ್ಲುಗಳ ಮೇಲೆ ಕ್ರಮವಾಗಿ ಉಜ್ಜಿ ನೋಡೋಣ.

3. ಬೇಡರ ತುಪಾಕಿ

ಸುರಪುರದ ನಾಯಕರ ಬೇಡಪಡೆಯು ತುಪಾಕಿಯಲ್ಲಿ ಹೆಸರಾಂತದ್ದು. 1705ರಲ್ಲಿ ಔರಂಗಜೇಬನು ತಾನೇ ಬಂದು ಸುರಪುರದ ಸಮೀಪದ ವಾಗಿನಗೇರಿಯ ಕೋಟೆಯನ್ನು ಮುತ್ತಿದಾಗ ಪಿಡ್ಡನಾಯಕನ ಬೇಡರು ಮೊಗಲ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಕೋಟೆಯು ಕೊನೆಗೆ ಬಿದ್ದರೂ ನಾಯಕನು ಕೈಗೆ ಸಿಗಲಿಲ್ಲ. ಚಕ್ರವರ್ತಿಯು ಸ್ವತಃ ನಡೆಯಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಬೇಡರ ಗುರಿಕಾರಿಕೆಯನ್ನು ಮೊಗಲ ಪಕ್ಷದ ಚರಿತ್ರಕಾರರೂ ಒಪ್ಪಿಕೊಂಡಿದ್ದಾರೆ.

ಆ ಕಾಲದ ತುಪಾಕಿಯು ಬತ್ತಿಯದು. ನಳಿಗೆಯ ಬಾಯಿಯಿಂದ ಮದ್ದನ್ನು ಸುರಿದು, ಚಿಂದಿಯೊಡನೆ ಸೀಸದ ಗುಂಡನ್ನು ಗಜದಿಂದ ಜಡಿದು, ಕಿವಿಯ ಬಳಿಯ ಬಟ್ಟಲಿನಲ್ಲಿ ಸ್ವಲ್ಪ ಮದ್ದನ್ನಿಟ್ಟು, ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಬಟ್ಟಲಿನ ಮದ್ದು ಹೊತ್ತಿ ಒಳಗಣ ಮದ್ದಿಗೆ ಬೆಂಕಿ ತಲುಪುವಷ್ಟರಲ್ಲಿ ಒಂದು ಕ್ಷಣವು ಕಳೆಯುತ್ತದೆ. ಕೋಟೆಯ ಗೋಡೆಯ ಮೇಲೆ ಕುಳಿತು ಗುಂಪಿನ ಮೇಲೆ ಹಾರಿಸುವವನಿಗೆ ಈ ವಿಳಂಬವು ದೋಷವಲ್ಲ. ಓಡುವ ತೋಳನ ವಿಷಯದಲ್ಲಿ ಅದೇ ದೊಡ್ಡ ದೋಷ. ನಳಿಗೆಯ ಒಳಮೈ ನುಣುಪಾದುದರಿಂದ ಗುಂಡು ಅದರೊಳಗೆ ಅತ್ತಿತ್ತ ತಾಗುತ್ತ ಹೊರಟು, ದೂರ ಹೋದಷ್ಟೂ ದಾರಿ ತಪ್ಪುತ್ತದೆ. ಇರುಳಿನಲ್ಲಿ ಬತ್ತಿಯ ಕೆಂಡವು ಕಾಣುತ್ತದೆ. ಅದರ ವಾಸನೆಯು ಗಾಳಿಯೊಡನೆ ಮೃಗದ ಮೂಗಿಗೆ ಮುಂಚೆಯೇ ಮುಟ್ಟುತ್ತದೆ. ಮಳೆಗಾಲದಲ್ಲಂತೂ ಅದು ಬರಿಯ ಕಬ್ಬಿಣ. ಇಂತಹ ಆಯುಧದಿಂದ ತೋಳನನ್ನು ಹೊಡೆಯಬೇಕಾದರೆ ನೀರಿನ ಹಾದಿಯಲ್ಲೋ ಬಿಲದ ಬಾಯಲ್ಲೋ ಗಾಳಿಗೆ ಎದುರಾಗಿ ಕುಳಿತು ಮೃಗವು ತಾನಾಗಿ ಬರುವವರೆಗೆ ಕಾಯುವುದೊಂದೇ ಉಪಾಯ. ಅದರ ಯಶಸ್ಸು ಕುಳಿತವನ ತಾಳ್ಮೆಯನ್ನೂ ಅವನ ನೆಲದ ಪರಿಚಯವನ್ನೂ ಅವಲಂಬಿಸಿತ್ತು.

1857ರಲ್ಲಿ ಆಂಗ್ಲ ಸರಕಾರವು ಆಯುಧಗಳನ್ನು ಕಸಿದುಕೊಳ್ಳುವ ಶಾಸನವನ್ನು ತಂದಾಗ ಮುಧೋಳದ ಹಲಗಲಿಯ ಬೇಡರು ಪ್ರಾಣವನ್ನೇ ಒತ್ತೆಯಿಟ್ಟು ಪ್ರತಿಭಟಿಸಿದರು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ದಂಗೆಯೆದ್ದು ಪದಚ್ಯುತನಾದನು. 1860ರಲ್ಲಿ ಸಂಸ್ಥಾನವು ನಿಜಾಮನ ಕೈಸೇರಿತು. ಬೇಡನಿಗೆ ತುಪಾಕಿಯು ಅನ್ನವೂ ಮಾನವೂ ಆಗಿದ್ದಿತು. ಈ ಸೀಮೆಯಲ್ಲಿ ಕೋವಿಯ ಮಾತೆತ್ತಿದರೆ ಇಂದಿಗೂ ಹಿರಿಯರ ಸ್ವರವು ಬದಲಾಗುವುದಕ್ಕೆ ಈ ಇತಿಹಾಸವೇ ಕಾರಣವೆಂದು ನಮ್ಮ ಊಹೆ.

4. ಚರೆಯ ಕೋವಿ

ತುಪಾಕಿಯ ತರುವಾಯ ಹಳ್ಳಿಗಳಿಗೆ ಬಂದುದು ಹಿಂದಿನಿಂದ ತೋಟಾ ತುಂಬುವ ಒಂಟಿನಳಿಗೆ ಜೋಡುನಳಿಗೆಗಳ ಚರೆಕೋವಿ. ಇದರಲ್ಲಿ ‘12 ಬೋರು’ ಎಂಬುದೇ ಬಹು ಪ್ರಚಲಿತ. ಈ ಸಂಖ್ಯೆಯ ಅರ್ಥವನ್ನು ತಿಳಿಯದೆ ಬಳಸುವವರೇ ಹೆಚ್ಚು. ನಳಿಗೆಯ ಬಾಯಿಗೆ ಸರಿಯಾಗಿ ಹೊಂದುವ ಸೀಸದ ಗುಂಡುಗಳು ಹನ್ನೆರಡು ಕೂಡಿದರೆ ಒಂದು ಪೌಂಡು ತೂಗುವುವು. ಆದುದರಿಂದ ಅದು 12 ಬೋರು. ಬಾಯಿಯ ವ್ಯಾಸವು 18.5 ಮಿಲಿಮೀಟರಿನಷ್ಟು. ಸಂಖ್ಯೆಯು ಹೆಚ್ಚಿದಂತೆ ನಳಿಗೆಯು ಕಿರಿದಾಗುವುದೂ ಇದರಿಂದಲೇ.

ತೋಟಾದೊಳಗಿನ ಚರೆಗಳು ಹಲವು ಗಾತ್ರದವು. ಔನ್ಸಿಗೆ ಆರು ತೂಗುವ ಎಲ್.ಜಿ., ಎಂಟು ತೂಗುವ ಎಸ್.ಜಿ. ಇವು ದೊಡ್ಡವು, ಹಕ್ಕಿ ಮೊಲಗಳಿಗೆ ಬಳಸುತ್ತಿದ್ದವು ಸಾಸಿವೆ ಜೋಳಗಳಷ್ಟು ಸಣ್ಣವು. ಸಣ್ಣ ಚರೆಯು ತೋಳನ ಚರ್ಮವನ್ನು ತೂರಿ ಮರ್ಮವನ್ನು ಮುಟ್ಟಲಾರದು. ಗಾಯಗೊಂಡ ಪ್ರಾಣಿಯು ಓಡಿಹೋಗಿ ವಾರಗಟ್ಟಲೆ ಕೊಳೆತು ಸಾಯುವುದು. ದೊಡ್ಡ ಚರೆಯಲ್ಲಿ ಬಲವೇನೋ ಉಂಟು. ಆದರೆ ಒಂದು ತೋಟಾದಲ್ಲಿ ಎಸ್.ಜಿ. ಚರೆಗಳು ಒಂಬತ್ತರಷ್ಟೇ ಹಿಡಿಯುವುವು. ನಲವತ್ತು ಗಜಗಳ ದೂರದಲ್ಲಿ ಅವು ಒಂದು ಗಜಕ್ಕೂ ಮಿಕ್ಕ ಅಗಲದ ವೃತ್ತದಲ್ಲಿ ಚದರಿ ಬೀಳುತ್ತವೆ. ಒಂದು ಗೇಣಿನ ಮರ್ಮಸ್ಥಾನಕ್ಕೆ ಅವುಗಳಲ್ಲಿ ಒಂದೋ ಎರಡೋ ತಾಗಬಹುದು, ತಾಗದೆಯೂ ಹೋಗಬಹುದು. ಅಲ್ಲಿಂದಾಚೆಗೆ ಎಲ್ಲವೂ ದೈವಾಧೀನ. ಚರೆಕೋವಿಯು ಹಟ್ಟಿಯ ಬಾಗಿಲಿಗೆ ಬಂದ ಮೃಗಕ್ಕೆ ಒದಗಬಲ್ಲುದು. ಬಯಲಿನಲ್ಲಿ ಎರಡುನೂರು ಗಜಗಳಾಚೆ ನಿಂತು ತಿರುಗಿ ನೋಡುವ ತೋಳಕ್ಕೆ ಅದು ಬರಿಯ ಸದ್ದು.

5. ತಿರುಪುಕೋವಿಯೂ ಗುಂಡಿನ ತೂಕವೂ

ನಳಿಗೆಯ ಒಳಗೆ ಸುರುಳಿಗೆರೆಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತನ್ನ ಸುತ್ತ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿಯು ಹೇಗೆ ವಾಲದೆ ನಿಲ್ಲುವುದೋ ಹಾಗೆಯೇ ತಿರುಗುವ ಗುಂಡು ತನ್ನ ಮೊನೆಯನ್ನು ಮುಂದಿಟ್ಟುಕೊಂಡೇ ಸಾಗುವುದು. ಇದೇ ತಿರುಪುಕೋವಿಯ ರಹಸ್ಯ.

ಗುಂಡಿನ ತೂಕವನ್ನು ಗ್ರೇನುಗಳಲ್ಲಿ ಹೇಳುವ ರೂಢಿಯಿದೆ. ಒಂದು ಪೌಂಡಿಗೆ 7,000 ಗ್ರೇನುಗಳು. ನಮ್ಮ ಅಕ್ಕಸಾಲಿಗನ ಗುಲಗಂಜಿಯು ಸುಮಾರು 0.12 ಗ್ರಾಂ ತೂಗುವುದರಿಂದ ಒಂದು ಗುಂಜಿಯು ಎರಡು ಗ್ರೇನುಗಳಿಗೆ ತುಸು ಕಡಿಮೆ. ಗುಂಡಿನ ಬಲವು ತೂಕಕ್ಕೆ ಅನುಗುಣವಾಗಿಯೂ, ವೇಗದ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ತೂಕವನ್ನು ಇಮ್ಮಡಿಸಿದರೆ ಬಲವು ಇಮ್ಮಡಿ. ವೇಗವನ್ನು ಇಮ್ಮಡಿಸಿದರೆ ಬಲವು ನಾಲ್ಮಡಿ. ಈ ಒಂದು ಸೂತ್ರವು ಮನಸ್ಸಿನಲ್ಲಿದ್ದರೆ ಉಳಿದುದೆಲ್ಲವೂ ವ್ಯಾಖ್ಯಾನ.

ಎರಡು ಉದಾಹರಣೆಗಳನ್ನು ನೋಡೋಣ. ಪಂದ್ಯಗಳಲ್ಲಿ ಬಳಸುವ .22 ಅಂಗುಲದ ಸಣ್ಣ ತೋಟಾದ ಗುಂಡು 40 ಗ್ರೇನು, ಎಂದರೆ ಸುಮಾರು 21 ಗುಂಜಿ. ಬಲವಾದ ತೋಟಾದಲ್ಲಿ ಅದರ ಆರಂಭವೇಗ ಸೆಕೆಂಡಿಗೆ 1,250 ಅಡಿಯಷ್ಟು. ಅದೇ .22 ಅಂಗುಲದ, ಆದರೆ ಹೆಚ್ಚು ಮದ್ದು ಹಿಡಿಯುವ ‘ಹಾರ್ನೆಟ್’ ಎಂಬ ತೋಟಾ 1930ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಗುಂಡು 45 ಗ್ರೇನು, ಸುಮಾರು 24 ಗುಂಜಿ. ವೇಗ 2,690 ಅಡಿ. ತೂಕದಲ್ಲಿ ಇವೆರಡಕ್ಕೂ ಮೂರೇ ಗುಂಜಿಗಳ ಅಂತರ. ಬಲದಲ್ಲಿ ಐದು ಪಟ್ಟು. ನೂರು ಗಜಗಳ ದೂರವನ್ನು ಮೊದಲನೆಯದು ಸೆಕೆಂಡಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಕಾಲದಲ್ಲಿಯೂ, ಎರಡನೆಯದು ಅದರ ಅರ್ಧದಲ್ಲಿಯೂ ಮುಟ್ಟುತ್ತದೆ. ಅಷ್ಟರೊಳಗೆ ಭೂಮಿಯ ಸೆಳೆತದಿಂದ ಮೊದಲನೆಯ ಗುಂಡು ಒಂದಡಿಗೂ ಮೀರಿ ಇಳಿದರೆ ಎರಡನೆಯದು ಮೂರು ನಾಲ್ಕು ಅಂಗುಲಗಳಷ್ಟೇ ಇಳಿಯುತ್ತದೆ. ಸೆಕೆಂಡಿಗೆ 30 ಅಡಿ ಓಡುವ ತೋಳವು ಮೊದಲನೆಯ ಗುಂಡು ಮುಟ್ಟುವ ವೇಳೆಗೆ ಎಂಟು ಅಡಿ ಮುಂದೆ ಹೋಗಿರುತ್ತದೆ. ಎರಡನೆಯದಕ್ಕೆ ನಾಲ್ಕೇ ಅಡಿ. ದೂರದ ಹಗುರವಾದ ಮೃಗಕ್ಕೆ ಭಾರವಾದ ಗುಂಡಿಗಿಂತ ವೇಗದ ಗುಂಡೇ ಮೇಲೆಂದು ಬೇಟೆಗಾರರು ನಿರ್ಣಯಿಸಿದುದು ಈ ಲೆಕ್ಕದಿಂದ.

ತರುವಾಯ 1955ರಲ್ಲಿ ಬಂದ .243 ಅಂಗುಲದ ತೋಟಾ 100 ಗ್ರೇನಿನ ಗುಂಡನ್ನು ಸೆಕೆಂಡಿಗೆ 2,900 ಅಡಿಗೂ ಮೀರಿದ ವೇಗದಿಂದ ಹಾರಿಸುತ್ತದೆ. ಶೀತದೇಶಗಳ ದೊಡ್ಡ ತೋಳಕ್ಕೆ ಅದು ಹೊಂದುವುದು. ನಮ್ಮ ತೋಳಕ್ಕೆ ಅದು ಬೇಕಾದುದಕ್ಕಿಂತ ಹೆಚ್ಚು. ಭಾರತದಲ್ಲಿ ಪರವಾನೆಯಿಂದ ದೊರೆಯುವ ತಿರುಪುಕೋವಿಗಳಲ್ಲಿ ಸಾಮಾನ್ಯವಾದುದು .315 ಅಂಗುಲದ್ದು, ಅದರ ಗುಂಡು 244 ಗ್ರೇನು, ಎಂದರೆ 130 ಗುಂಜಿಗಳ ಹತ್ತಿರ. ಇದು ದೊಡ್ಡ ಮೃಗಗಳಿಗೆ ತಕ್ಕ ತೂಕ. ಇಪ್ಪತ್ತು ಕಿಲೋಗ್ರಾಂ ತೂಗುವ ತೋಳಕ್ಕೆ ಅದನ್ನು ಹೂಡುವುದು ಸೊಳ್ಳೆಗೆ ಒನಕೆಯೆತ್ತಿದಂತೆ. ಹೀಗೆ ಹಳ್ಳಿಯಲ್ಲಿ ಕೈಗೆಟಕುವ ಕೋವಿಗಳಲ್ಲಿ ಒಂದು ದೂರಕ್ಕೆ ಸಾಲದು, ಇನ್ನೊಂದು ಮೃಗಕ್ಕೆ ಮಿಗಿಲು.

ಗುಂಡಿನ ಮೊನೆಯ ರಚನೆಯೂ ವಿಚಾರಣೀಯ. ಇಡಿಯಾಗಿ ತಾಮ್ರದ ಕವಚವಿರುವ ಗುಂಡು ಹಗುರವಾದ ಮೈಯನ್ನು ಸೂಜಿಯಂತೆ ತೂರಿ ಆಚೆ ಹೋಗುವುದು. ಪ್ರಾಣಿಯು ತಕ್ಷಣ ಬೀಳದೆ ನರಳುವುದು. ಮೊನೆಯಲ್ಲಿ ಸೀಸವು ಬರಿದಾಗಿರುವ ಮೆದುಮೊನೆಯ ಗುಂಡು ತಾಗಿದೊಡನೆ ಅರಳಿ ತನ್ನ ಬಲವನ್ನೆಲ್ಲ ಒಳಗೇ ವ್ಯಯಿಸುವುದು. ಬೇಗನೆ ಕೊಲ್ಲುವುದೇ ಬೇಟೆಯಲ್ಲಿ ದಯೆಯೆಂದು ಬಗೆದವರು ಮೆದುಮೊನೆಯನ್ನೇ ಆಯ್ದುಕೊಂಡರು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಎರೆಭೂಮಿಯ ಬಯಲು ಚಪ್ಪಟೆ. ಶಹಾಪುರದ ಗುಡ್ಡಗಳೋ ಬರಿಯ ಕರ್ಗಲ್ಲು. ಪಂದ್ಯದ ಸಣ್ಣ ಗುಂಡು ಕೂಡ ಒಂದು ಮೈಲಿಗೂ ಮೀರಿ ಹೋಗಬಲ್ಲುದು. ಕಲ್ಲಿಗೆ ಬಡಿದರೆ ಯಾವ ದಿಕ್ಕಿಗೆ ಚಿಮ್ಮುವುದೆಂದು ಹೇಳಲಾಗದು. ತೋಳನ ಹಿಂದೆ ಕುರಿಯಿರುತ್ತದೆ. ಕುರಿಯ ಹಿಂದೆ ಕುರಿಗಾಹಿಯ ಮಗುವಿರುತ್ತದೆ. ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಗುಂಡು ಹಾರಿಸಬಾರದೆಂಬ ನಿಯಮವು ಎಲ್ಲ ಕೋವಿಗಳಿಗೂ ಸಮಾನ.

ಹಾಗಾದರೆ ಸಿದ್ಧಾಂತವೇನು? ಕೇವಲ ಯಂತ್ರವಿದ್ಯೆಯ ದೃಷ್ಟಿಯಿಂದ, ದಖ್ಖನದ ತೋಳಕ್ಕೆ ತಕ್ಕುದು ವೇಗವಾದ, ಹಗುರವಾದ, ಮೆದುಮೊನೆಯ ಗುಂಡನ್ನು ಹಾರಿಸುವ ಸಣ್ಣ ಬಾಯಿಯ ತಿರುಪುಕೋವಿ. ಇದಿಷ್ಟು ಆ ಹಿರಿಯರ ಪ್ರಶ್ನೆಗೆ ಅಕ್ಷರಶಃ ಉತ್ತರ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾವು ಅವರಿಗೆ ಅಪಕಾರವನ್ನು ಮಾಡಿದಂತಾಗುವುದು.

6. ಶಾಸನದ ವಿಚಾರ

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ತೋಳವು ಸೇರಿದೆ. ಅದನ್ನು ಬೇಟೆಯಾಡುವುದು ಸಂಪೂರ್ಣವಾಗಿ ನಿಷಿದ್ಧ. 2022ರ ತಿದ್ದುಪಡಿಯ ಮೇರೆಗೆ ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಸೆರೆಮನೆ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ. ಕೋವಿಯ ಪರವಾನೆಯು ಬೇರೆ ಶಾಸನದಿಂದ, ಎಂದರೆ 1959ರ ಆಯುಧ ಅಧಿನಿಯಮದಿಂದ, ಬರುವಂತಹುದು. ಬೆಳೆಯ ರಕ್ಷಣೆಗೆಂದು ಪಡೆದ ಪರವಾನೆಯು ತೋಳನನ್ನು ಕೊಲ್ಲಲು ಅಧಿಕಾರವನ್ನು ಕೊಡುವುದಿಲ್ಲ. ಈ ಎರಡನ್ನು ಒಂದೆಂದು ಭಾವಿಸಿ ಕೆಟ್ಟವರುಂಟು.

ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದ ಮೃಗದ ವಿಷಯದಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಅನುಮತಿಯನ್ನು ಕೊಡಬಹುದು. ಆಗಲೂ ಹಿಡಿದು ಸಾಗಿಸಲು ಸಾಧ್ಯವೇ ಎಂಬುದನ್ನು ಮೊದಲು ನೋಡಬೇಕು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದ ವಧೆಯು ಅಪರಾಧವಲ್ಲ. ಕುರಿಯನ್ನು ತಿಂದಿತೆಂಬುದು ಮಾತ್ರ ಅನುಮತಿಗೆ ಕಾರಣವಾಗಲಾರದು.

ಈ ಕಠೋರತೆಗೆ ಹಿನ್ನೆಲೆಯುಂಟು. ಆಂಗ್ಲರ ಆಳಿಕೆಯಲ್ಲಿ ತೋಳನ ತಲೆಗೆ ಬಹುಮಾನವನ್ನು ಗೊತ್ತುಮಾಡಿದ್ದರು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಎರಡು ಲಕ್ಷದಷ್ಟು ತೋಳಗಳು ಹತವಾದುವೆಂದು ಇತಿಹಾಸಕಾರರಾದ ಮಹೇಶ ರಂಗರಾಜನ್ ಅವರು ದಾಖಲೆಗಳಿಂದ ಲೆಕ್ಕಹಾಕಿದ್ದಾರೆ. ಇಂದು ದೇಶದಲ್ಲಿ ಉಳಿದಿರುವುವು 3,000ದ ಆಸುಪಾಸು ಎಂದು ತಜ್ಞರ ಅಂದಾಜು. ಕೋವಿಯೊಂದೇ ಇದಕ್ಕೆ ಕಾರಣವಲ್ಲ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಕಾಲುವೆಗಳಿಂದ ನಮ್ಮ ಸೀಮೆಗೆ ಬಂದ ಭಾಗ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಜಿಂಕೆ ಮೊಲಗಳು ಮೇಯುತ್ತಿದ್ದ ಬಯಲುಗಳಲ್ಲಿ ಎಷ್ಟೋ ಭಾಗವು ಗದ್ದೆಯಾಯಿತು. ತನ್ನ ಸಹಜವಾದ ಆಹಾರವನ್ನು ಕಳೆದುಕೊಂಡ ವೃಕವು ಹಟ್ಟಿಯ ಕಡೆಗೆ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ. ಮೇಲುಕೋಟೆಯಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಇತ್ತೀಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ನೆಲವನ್ನು ತೋಳಗಳಿಗಾಗಿಯೇ ಮೀಸಲಿಟ್ಟಿದ್ದಾರೆ. ನಮ್ಮ ಶಹಾಪುರ ಸುರಪುರಗಳ ತೋಳಗಳಿಗೆ ಬೇಲಿಯಿಲ್ಲ, ಫಲಕವಿಲ್ಲ. ಅವು ಕುರಿಗಾಹಿಗಳ ನಡುವೆಯೇ ಬಾಳಬೇಕು.

7. ಉಪಸಂಹಾರ

ಬೇಟೆಗಾರನು ಶತಮಾನಗಳಿಂದ ಕಲಿತ ಮೃಗಜ್ಞಾನವು ವ್ಯರ್ಥವಾಗಬೇಕಾಗಿಲ್ಲ. ತೋಳವು ಗಾಳಿಯನ್ನು ಹಿಡಿದು ಬರುವುದೆಂದು ಅವನು ಬಲ್ಲನು. ಹಾಗಾದರೆ ಹಟ್ಟಿಯಲ್ಲಿ ಗಾಳಿ ಬೀಸಿ ಹೋಗುವ ಮಗ್ಗುಲಿಗೆ, ಎಂದರೆ ಕುರಿಯ ವಾಸನೆಯು ಹರಿಯುವ ಕಡೆಗೆ, ನಾಯಿಯನ್ನು ಕಟ್ಟಬೇಕು. ಕೆಲವು ತೋಳಗಳು ನಾಯಿಯನ್ನು ತಡೆದರೆ ಉಳಿದವು ಹಿಂಡಿಗೆ ನುಗ್ಗುವುವೆಂದು ಎಲಿಯಟನಿಗೆ ಹೇಳಿದವರು ಕುರುಬರೇ. ಹಾಗಾದರೆ ಒಂದು ನಾಯಿ ಸಾಲದು, ಎರಡು ಮೂರು ಬೇಕು, ಅವುಗಳ ಕುತ್ತಿಗೆಗೆ ಮೊಳೆಯ ಪಟ್ಟಿಯಿರಬೇಕು. ಮಾಗಿಯಲ್ಲಿ ಅದರ ಹಸಿವು ಹೆಚ್ಚು. ಹಾಗಾದರೆ ಆ ಎರಡು ಮೂರು ತಿಂಗಳು ಮರಿಗಳನ್ನು ಬಲೆಯ ಒಳಗೆ ಹಿಂಡಿನ ನಡುವೆ ಕೂಡಿಹಾಕಬೇಕು. ಕೊಂದುದು ತೋಳವೋ ಬೀಡಾಡಿ ನಾಯಿಯೋ ಎಂಬುದನ್ನು ಹೆಜ್ಜೆಯಿಂದಲೂ ಗಾಯದಿಂದಲೂ ಪರೀಕ್ಷಿಸಬೇಕು; ನಾಯಿಗಳು ಹಲವನ್ನು ಕಚ್ಚಿ ಕೆಡವಿ ಬಿಟ್ಟುಹೋಗುವುದುಂಟು, ತೋಳವು ಸಾಮಾನ್ಯವಾಗಿ ಹಿಡಿದುದನ್ನು ಒಯ್ಯುವುದು. ಸತ್ತ ಕುರಿಯು ಸಿಕ್ಕಿದರೆ ಅದನ್ನು ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಂದ ಬರೆಯಿಸಿಕೊಂಡು ಪರಿಹಾರವನ್ನು ಕೇಳಬೇಕು.

ಆ ಮುಂಜಾನೆ ನಾವು ಇವನ್ನೆಲ್ಲ ಹಿರಿಯರಿಗೆ ಬಿಡಿಸಿ ಹೇಳಿ, “ಯಜಮಾನ್ರೇ, ನಿಮ್ಮ ಅಳಿಯನ ಬಂದೂಕ ಗೂಟಕ್ಕೇ ಇರಲಿ, ತೋಟಾದ ರೊಕ್ಕದಾಗ ಇನ್ನೊಂದು ನಾಯಿ ಸಾಕ್ರಿ” ಎಂದೆವು. ಅವರು ತಲೆದೂಗಿದರು. ಎದ್ದು ನಿಂತು, “ತ್ವಾಳಂದೂ ಒಂದು ಪಾಲ ಅದ ಅಂತ ನಮ್ಮಪ್ಪ ಅಂತಿದ್ದರಿ. ಖರೆ, ನಾಕ ಮರಿ ಅಂದ್ರ ಅದು ಪಾಲಲ್ಲ ಬಿಡ್ರಿ” ಎಂದು ಹೇಳಿ ಹೊರಟರು.

ಅವರ ಮಾತಿನಲ್ಲಿ ನ್ಯಾಯವಿದೆ. ಮರಿಗಳನ್ನು ತೋಳವು ಇಡಿಯಾಗಿ ಒಯ್ದಿದ್ದರಿಂದ ತೋರಿಸಲು ಅವರ ಬಳಿ ಎಲುಬೂ ಇರಲಿಲ್ಲ. ತೋರಿಸಲು ಏನೂ ಇಲ್ಲದವನಿಗೆ ಪರಿಹಾರವು ದೊರೆಯುವುದು ಕಷ್ಟ. ತೋಳನನ್ನು ಉಳಿಸಬೇಕೆಂಬ ಸಂಕಲ್ಪವು ಇಡೀ ದೇಶದ್ದು. ಅದರ ಬೆಲೆಯನ್ನು ಸದ್ಯಕ್ಕೆ ತೆರುತ್ತಿರುವವನು ಹೊಲದಲ್ಲಿ ರಾತ್ರಿ ಕಳೆಯುವ ಕುರಿಗಾಹಿ. ಹೆಜ್ಜೆಗುರುತನ್ನೂ ನೆರೆಯವರ ಸಾಕ್ಷ್ಯವನ್ನೂ ಪ್ರಮಾಣವೆಂದು ಒಪ್ಪಿ, ಪರಿಹಾರವನ್ನು ಅದೇ ತಿಂಗಳಲ್ಲಿ ಅವನ ಕೈಗೆ ಮುಟ್ಟಿಸುವ ಏರ್ಪಾಡಾದರೆ ಯಾವ ಕೋವಿಯೆಂಬ ಪ್ರಶ್ನೆಯನ್ನು ಕೇಳಲು ಅವನು ಯಾರ ಕಟ್ಟೆಗೂ ಬರಬೇಕಾಗುವುದಿಲ್ಲ.